ಹವಾಲ್ದಾರನ ಉಡಾಫೆ

ಕಟ್ಟೆಯ ಮೇಲೆ ಕೂತವರು ಕೊಚ್ಚುವ ಬಡಾಯಿಗೆ ಹಿಂದೆ ಉಡಾಫೆ ಎನ್ನುತ್ತಿದ್ದರು. ಈಗ ಕುರ್ಚಿಯ ಮೇಲೆ ಕೂತವರು ಕೊಡುವ ಬೇಜವಾಬ್ದಾರಿ ಉತ್ತರಕ್ಕೆ ಹಾಗೆನ್ನುತ್ತಾರೆ. ಠಾಣೆಯ ಹವಾಲ್ದಾರ ಅದರಲ್ಲಿ ಪಳಗಿದವನು. ಕಾಣೆಯಾದ ಮಗನ ಸುದ್ದಿ ಕೇಳಲು ಮುದುಕಿಯೊಬ್ಬಳು ಪ್ರತಿ ಸಂತೆಯ ದಿನ ಬರುತ್ತಿದ್ದಳು. ಅವನು ಮೊಬೈಲಿನಿಂದ ಕಣ್ಣು ಕೀಳದೆ, "ಎಲ್ಲಿ ಹೊಕ್ಕಾನಬೇ, ಬರ್ತಾನ ಹೋಗು," ಎನ್ನುತ್ತಿದ್ದ.

ಹೊಸದಾಗಿ ಬಂದ ಸಾಹೇಬರ ಕಿವಿಗೆ ಇದು ಬಿತ್ತು.

"ಏನ್ರೀ ಈ ಉಡಾಫೆ? ನಿಮ್ಮನೆ ಹುಡುಗ ಕಾಣೆಯಾಗಿದ್ರೆ ಹೀಗೇ ಅಂತಿದ್ರಾ?"

ಮುದುಕಿಯನ್ನು ಒಳಗೆ ಕರೆದು ಕೂರಿಸಿ, ಚಹಾ ತರಿಸಿ, ಒಂದೊಂದೇ ಮಾತು ತೂಗಿ ಹೇಳಿದರು: ಹುಡುಕಬಹುದಾದಲ್ಲೆಲ್ಲ ಹುಡುಕಿದ್ದಾಗಿದೆ, ವರ್ಷಗಳೇ ಕಳೆದಿವೆ, ಇನ್ನು ಆಸೆ ಇಟ್ಟುಕೊಳ್ಳಬಾರದು. ಅವಳು ತಲೆಯಾಡಿಸುತ್ತ ಎಲ್ಲವನ್ನೂ ಕೇಳಿ, ಕೈಮುಗಿದು ಎದ್ದಳು. ಹೊರಗೆ ಹೋಗುವವಳು ಹವಾಲ್ದಾರನ ಮೇಜಿನ ಮುಂದೆ ನಿಂತಳು.

"ಸಾಹೇಬ್ರು ಕಲ್ತವರು, ಖರೇ ಹೇಳಿದ್ರಪ್ಪಾ. ನೀ ಯಾವಾಗ್ಲೂ ಹೇಳತಿಯಲ್ಲ, ಅದನ್ನ ಒಮ್ಮೆ ಹೇಳಿಬಿಡು. ನಾ ಬರೂದು ಅದನ್ನ ಕೇಳಾಕ."

ಹವಾಲ್ದಾರ ಮೊದಲ ಸಲ ತಲೆಯೆತ್ತಿ ಅವಳ ಮುಖ ನೋಡಿದ.