ಹೋಳಿಗೆ ಡಬ್ಬಿಯ ಶಿಫಾರಸು

ದಕ್ಷಿಣಾಮೂರ್ತಿಯವರು ಬಾಗಿಲು ತೆರೆದದ್ದೇ ತಪ್ಪಾಯಿತು. ಹೊರಗಿದ್ದವರು ಒಂದು ಸ್ಟೀಲ್ ಡಬ್ಬಿಯನ್ನು ಅವರ ಕೈಗೆ ತುರುಕಿ, ಮೂರು ಮಹಡಿಗೂ ಕೇಳುವಂತೆ ನಮಸ್ಕಾರ ಹೇಳಿದರು.

“ನಾನ್ರೀ ಸಾಹೇಬ್ರ, ಪ್ರೊಫೆಸರ್ ಗೋಪಿನಾಥ. ಅರ್ಜಿ ನಂಬರ್ ನಲವತ್ತೊಂದು. ನಾಳೆ ಕಮಿಟಿ ಮುಂದ ನಮ್ಮ ಫೈಲ್ ಬರ್ತದ. ಸ್ವಲ್ಪ ನೋಡ್ಕೋರಿ. ಶೇಂಗಾ ಹೋಳಿಗಿ ತಂದೀನಿ.”

2006ರ ಜೂನ್ ತಿಂಗಳ ಭಾನುವಾರ. ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನವರೆಲ್ಲ ಕೂಲರಿನ ಮುಂದೆ ಕುಳಿತಿದ್ದ ಹೊತ್ತು. ಆದರೂ ಎದುರು ಮನೆಯ ಶರ್ಮಾಜಿ ಬಾಗಿಲಿಗೆ ಬಂದು ನಿಂತರು. ಅವರಿಗೆ ಕನ್ನಡ ಬಾರದು. ಆದರೆ ಡಬ್ಬಿ ಯಾವ ಭಾಷೆಯವರಿಗೂ ಅರ್ಥವಾಗುತ್ತದೆ.

ದಕ್ಷಿಣಾಮೂರ್ತಿಯವರ ಮುಖ ಕೆಂಪಾಯಿತು. ಹಿಂದುಳಿದ ಪ್ರದೇಶಗಳ ಅಭಿವೃದ್ಧಿಗೆಂದು ವಿಶ್ವವಿದ್ಯಾಲಯದ ಅಧ್ಯಾಪಕರಿಗೆ ಸಂಶೋಧನಾ ಅನುದಾನ ಕೊಡುವ ಕಚೇರಿಯಲ್ಲಿ ಅವರು ಸೆಕ್ಷನ್ ಆಫೀಸರ್. ‘ಯಾವುದೇ ರೀತಿಯ ಶಿಫಾರಸು ತಂದವರು ಅನರ್ಹರು’ ಎಂದು ಅರ್ಜಿಯ ಕೊನೆಯಲ್ಲಿ ಒಂದು ಸಾಲು ಇರುತ್ತದಲ್ಲ, ಅದನ್ನು ನಿಜವೆಂದು ನಂಬಿದ ಏಕೈಕ ಭಾರತೀಯ ಅವರೇ ಇರಬೇಕು. ಹೋದ ವರ್ಷ ಸ್ವಂತ ಷಡ್ಡಕನನ್ನೇ ಅನರ್ಹಗೊಳಿಸಿ, ಹೆಂಡತಿ ರತ್ನಪ್ರಭಾ ಕೈಯಲ್ಲಿ ತಿಂಗಳುಗಟ್ಟಲೆ ಸಪ್ಪೆ ಸಾರು ಉಂಡಿದ್ದರು. ಆ ಸುದ್ದಿ ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲೆಲ್ಲ ಓಡಾಡಿತ್ತು.

“ನಿಯಮ ಓದಿಲ್ವೇನ್ರೀ ನೀವು?”

“ಓದೀನ್ರೀ. ಹನ್ನೊಂದನೇ ಪುಟ, ಕೆಳಗಿನ ಸಾಲು.”

ಓದಿಯೂ ಬಂದಿದ್ದಾರೆ! ಎಂಥ ಭಂಡತನ! ದಕ್ಷಿಣಾಮೂರ್ತಿಯವರು ಡಬ್ಬಿ ಹಿಂದಿರುಗಿಸುವಷ್ಟರಲ್ಲಿ ಗೋಪಿನಾಥರು ದಡದಡನೆ ಮೆಟ್ಟಿಲಿಳಿದು, ಕಾಯುತ್ತಿದ್ದ ಆಟೋ ಹತ್ತಿ, ಚಾಣಕ್ಯಪುರಿಯ ಅತಿಥಿಗೃಹದ ಕಡೆ ಹೊರಟುಹೋಗಿದ್ದರು. ಡಬ್ಬಿಯ ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿತ್ತು. ಅದರಲ್ಲಿ ಹೆಸರು, ಹುದ್ದೆ, ಅರ್ಜಿ ಸಂಖ್ಯೆ, ಕೆಳಗೆ ಸಹಿ.

“ಲಂಚ ಕೊಡೋದಕ್ಕೂ ಬರಲ್ವಲ್ಲ ಪಾಪ,” ಎಂದರು ರತ್ನಪ್ರಭಾ. ಅಷ್ಟರಲ್ಲಿ ಅವರ ಬಾಯಲ್ಲಿ ಎರಡನೆಯ ಹೋಳಿಗೆ ಇತ್ತು.

ದಕ್ಷಿಣಾಮೂರ್ತಿಯವರಿಗೆ ಆ ಮನುಷ್ಯನ ಮೇಲೆ ಶುಕ್ರವಾರದಿಂದಲೇ ಸಿಟ್ಟಿತ್ತು. ಅಂದು ಕಮಿಟಿಯ ಮುಂದೆ ಗೋಪಿನಾಥರು ಯೋಜನೆಯನ್ನು ವಿವರಿಸಿದ್ದರು; ತೀರ್ಮಾನ ಸೋಮವಾರಕ್ಕಿತ್ತು. ಯೋಜನೆ ಚಿನ್ನದಂಥದ್ದು. ಶಹಾಬಾದ್ ಕಲ್ಲು ಕೊಯ್ಯುವ ಊರುಗಳಲ್ಲಿ ಬಿಳಿ ಪುಡಿ ಮನೆಮನೆಗೆ ಹಾರಿ, ಮಕ್ಕಳು ವರ್ಷವಿಡೀ ಕೆಮ್ಮುತ್ತಾರೆ. ಅದೇ ಪುಡಿಯಿಂದ ಇಟ್ಟಿಗೆ ಒತ್ತಬೇಕು, ಆ ಊರಿನ ಹೆಂಗಸರಿಗೇ ಅದರ ಕೆಲಸ ಕೊಡಬೇಕು. ಕಮಿಟಿಯವರೆಲ್ಲ ತಲೆದೂಗಿದ್ದರು.

ಆಮೇಲೆ ಒಬ್ಬರು, ಪುಡಿಗೆ ಸುಣ್ಣ ಎಷ್ಟು ಬೆರೆಸುತ್ತೀರಿ ಎಂದು ಕೇಳಿದರು.

“ಅದು ಪಂಕಜಾಗ ಗೊತ್ರೀ.”

ಎಷ್ಟು ದಿನ ಒಣಗಬೇಕು?

“ಅದೂ ಪಂಕಜಾಗ ಗೊತ್ತು.”

ಪಂಕಜಾ ಎಂದರೆ ಅರ್ಜಿಯಲ್ಲಿ ಎರಡನೆಯ ಹೆಸರಿನ ಕಿರಿಯ ಉಪನ್ಯಾಸಕಿ. ಎಂಟು ವರ್ಷ ಸ್ಕೂಟರಿನಲ್ಲಿ ಗಣಿ ಗಣಿ ಸುತ್ತಿದವಳು ಅವಳು. ಪ್ರೊಫೆಸರೊಬ್ಬರ ಹೆಸರು ಮೇಲೆ ಇಲ್ಲದಿದ್ದರೆ ಆ ವಿಶ್ವವಿದ್ಯಾಲಯದಲ್ಲಿ ಯಾವ ಅರ್ಜಿಗೂ ಕುಲಪತಿಗಳ ಸಹಿ ಬೀಳುತ್ತಿರಲಿಲ್ಲ. ಹಾಗಾಗಿ ಮೇಲೆ ಗೋಪಿನಾಥರು.

“ಹಾಗಾದರೆ ನೀವು ಯಾಕೆ ಬಂದಿರಿ?” ಎಂದು ಅಧ್ಯಕ್ಷರು ನಕ್ಕಿದ್ದರು.

“ನಾ ಬಿಟ್ಟರ ಏನಾಗ್ತದ್ರೀ?” ಎಂದು ಗೋಪಿನಾಥರು ಕೇಳಿದ್ದರು.

ಮುಖ್ಯ ಸಂಶೋಧಕರು ತಾವಾಗಿ ಬಿಟ್ಟರೆ ಅರ್ಜಿಯೇ ರದ್ದು ಎಂದು ದಕ್ಷಿಣಾಮೂರ್ತಿಯವರು ಪಟಪಟನೆ ಒಪ್ಪಿಸಿದ್ದರು. ಪ್ರೊಫೆಸರು ಮೇಜಿನ ಮೇಲಿದ್ದ ನಿಯಮ ಪುಸ್ತಕ ತಿರುವುತ್ತ ಕುಳಿತಿದ್ದರು. ಯಾರೋ ಬೇಯಿಸಿಟ್ಟ ಅಡಿಗೆಗೆ ಎಲೆ ಹಾಕಿಕೊಂಡು ಕೂತವರು ಅಷ್ಟು ಸುಲಭಕ್ಕೆ ಏಳುತ್ತಾರೆಯೇ ಎಂದು ದಕ್ಷಿಣಾಮೂರ್ತಿಯವರು ಆಗಲೇ ಅಂದುಕೊಂಡಿದ್ದರು.

ಸೋಮವಾರ ಬೆಳಿಗ್ಗೆ ಫ್ಯಾಕ್ಸಿನಲ್ಲಿ ಮೂರು ಪತ್ರ ಬಂದವು. ಒಬ್ಬ ಶಾಸಕರದು, ಒಬ್ಬ ಮಾಜಿ ಶಾಸಕರದು, ಒಬ್ಬ ಸ್ವಾಮಿಗಳದು. ಮೂರರಲ್ಲೂ ಗೋಪಿನಾಥರಿಗೆ ಅನುದಾನ ಕೊಡಬೇಕೆಂಬ ಆಗ್ರಹ. ಮೂರಕ್ಕೂ ತಲುಪಿದ್ದಕ್ಕೆ ರಸೀದಿ ಬೇರೆ ಬೇಕಂತೆ.

ದಕ್ಷಿಣಾಮೂರ್ತಿಯವರು ಪೆನ್ನು ಕೈಗೆತ್ತಿಕೊಂಡರು. ಈ ಮನುಷ್ಯನನ್ನು ಬಿಡಬಾರದು. ಆದರೆ ಅರ್ಜಿ ಹಾಳಾದರೆ ಆ ಮಕ್ಕಳ ಕೆಮ್ಮು ಹಾಗೇ ಉಳಿಯುತ್ತದೆ, ಅದೂ ಆಗಬಾರದು. ನಿಯಮ ಪುಸ್ತಕವನ್ನು ಮೊದಲಿನಿಂದ ತಿರುವಿದರು. ಸಿಕ್ಕಿತು. ಮುಖ್ಯ ಸಂಶೋಧಕರು ಅನರ್ಹರಾದರೆ ಹೊಣೆ ಎರಡನೆಯ ಹೆಸರಿನವರಿಗೆ ಹೋಗತಕ್ಕದ್ದು. ಅವರಿಗೆ ಕುಣಿಯುವಷ್ಟು ಖುಷಿಯಾಯಿತು. ಕೈಕೆಳಗಿನ ಹುಡುಗಿಗೇ ಅನುದಾನ ಹೋದರೆ ಪ್ರೊಫೆಸರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನಿದೆ? ಚೀಟಿಯನ್ನೂ ಪತ್ರಗಳನ್ನೂ ಟಿಪ್ಪಣಿಗೆ ಲಗತ್ತಿಸಿ ಕಮಿಟಿಗೆ ಕಳಿಸಿದರು. ಐದು ನಿಮಿಷದಲ್ಲಿ ಎಲ್ಲರೂ ಸಹಿ ಹಾಕಿದರು.

ಆದೇಶವನ್ನು ಕಾರಿಡಾರಿನಲ್ಲಿ ಕಾಯುತ್ತಿದ್ದ ಗೋಪಿನಾಥರಿಗೆ ತಾವೇ ಓದಿ ಹೇಳಿದರು. ಆ ಸುಖವನ್ನು ಜವಾನನಿಗೆ ಬಿಟ್ಟುಕೊಡಲು ಅವರಿಗೆ ಮನಸ್ಸಾಗಲಿಲ್ಲ.

“ನಿಮ್ಮ ಹೆಸರು ತೆಗೆದುಹಾಕಿದ್ದೇವೆ. ಅನುದಾನ ಪೂರ್ತಿ ಪಂಕಜಾ ಅವರ ಹೆಸರಿಗೆ. ನೀವಿನ್ನು ಅದಕ್ಕೆ ಕೈ ಹಾಕೋ ಹಾಗಿಲ್ಲ.”

ಗೋಪಿನಾಥರು ಬೆಂಚಿನ ಮೇಲೆ ಕುಸಿದರು. ಕಣ್ಣಲ್ಲಿ ನೀರು ಬಂದೇಬಿಟ್ಟಿತು. ದಕ್ಷಿಣಾಮೂರ್ತಿಯವರಿಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಎಷ್ಟಾದರೂ ನಮ್ಮವರು, ಇಷ್ಟು ಕಠಿಣವಾಗಬಾರದಿತ್ತೇನೋ. ನೀರು ತರಲು ಎರಡು ಹೆಜ್ಜೆ ಇಟ್ಟಿದ್ದರು, ಅಷ್ಟರಲ್ಲಿ ಹಿಂದಿನಿಂದ ಪ್ರೊಫೆಸರು ಮೊಬೈಲಿನಲ್ಲಿ ಮಾತಾಡುವುದು ಕೇಳಿಸಿತು.

“ಪಂಕಜಾ, ಕೆಲಸ ಇನ್ನ ನಿಂದೇ ಆತವ್ವ! ನಾ ಹೇಳಿರ್ಲಿಲ್ಲೇನು, ಈ ಸಾಹೇಬ್ರು ಭಾಳ ನಿಯತ್ತಿನ ಮನುಷ್ಯ, ನನ್ನ ಅನರ್ಹ ಮಾಡೇ ಮಾಡ್ತಾರ ಅಂತ!”