ಇದಕ್ಕೆ ಉತ್ತರ ಬರೆಯಬೇಡಿ

"ನಿಮ್ಮನ್ನು ನೋಡಿ ಬಹಳ ದಿನಗಳಾದವು. ನಿಮ್ಮ ನೆನಪು ಕಾಡುತ್ತಿದೆ."

ಹೆಂಡತಿಯ ಫೋನಿನ ಮೇಲೆ ಮಿಂಚಿ ಮಾಯವಾದ ಮೇಲ್‌ನ ಈ ಎರಡು ಸಾಲು ಕಂಡದ್ದೇ ತಡ, ಕನ್ನಡಕದಂಗಡಿ ಯಜಮಾನರ ಹೊಟ್ಟೆಗೆ ಕೊಳ್ಳಿ ಇಟ್ಟಂತಾಯಿತು. ಯಾರವನು? ಕಾಡುವಂಥ ನೆನಪು ಅವನಿಗೇನು? ಬಾಯಿಬಿಟ್ಟು ಕೇಳೋಣವೆಂದರೆ ಮರ್ಯಾದೆ ಅಡ್ಡ ಬಂತು. ಊರಿನವರ ಕಣ್ಣೆಲ್ಲ ಸರಿಮಾಡುವ ಮನುಷ್ಯನಿಗೇ ಕಾಮಾಲೆ ಹತ್ತಿದರೆ ಯಾರು ತಾನೆ ಏನು ಮಾಡಿಯಾರು!

ಅಷ್ಟರಲ್ಲಿ ಇಸ್ತ್ರಿ ಮಾಡುತ್ತಿದ್ದ ಹೆಂಡತಿಯೇ ಅಂದಳು: "ರೀ, ಹೇಗೂ ಭಾನುವಾರ, ನನ್ನ ಮೇಲ್ ಒಂಚೂರು ಕ್ಲೀನ್ ಮಾಡಿಕೊಡಿ. ಬರೀ ಅಂಗಡಿಯವರು, ಬ್ಯಾಂಕಿನವರು. ಮನುಷ್ಯರು ಬರೆದಿದ್ದು ಹುಡುಕೋದ್ರಲ್ಲೇ ಸಾಕಾಗುತ್ತೆ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಯಜಮಾನರು ಫೋನನ್ನು ಹೆಚ್ಚುಕಡಿಮೆ ಕಸಿದುಕೊಂಡೇ ಕೂತರು. 'ಮೆಷಿನ್' ಅಂತ ಒಂದು ಫೋಲ್ಡರ್ ಮಾಡಿದರು. ಕೊನೆಯಲ್ಲಿ 'ಇದಕ್ಕೆ ಉತ್ತರ ಬರೆಯಬೇಡಿ' ಎಂದಿರುವ ಮೇಲ್‌ಗಳೆಲ್ಲ ತಾವಾಗಿಯೇ ಅದರೊಳಗೆ ಬೀಳುವಂತೆ ಫಿಲ್ಟರ್ ಹಾಕಿದರು. ಜರಡಿಯಲ್ಲಿ ಉಳಿದವನೇ ಕಳ್ಳ, ಆಮೇಲೆ ನೋಡಿಕೊಂಡರಾಯಿತು.

ನೆನಪು ಕಾಡುತ್ತಿದ್ದವನು ಮೊದಲೇಟಿಗೇ ಉದುರಿದ. ಅದೊಂದು ಚಪ್ಪಲಿ ಅಂಗಡಿ. ಯಜಮಾನರಿಗೆ ಹೋದ ಜೀವ ಬಂತು. ಆದರೆ ಬಂದ ಜೀವ ನಿಲ್ಲಲಿಲ್ಲ. ಉಳಿದದ್ದರಲ್ಲಿ ಅವಳ ಅಣ್ಣನದು ಎರಡು, ಗೆಳತಿಯದು ಒಂದು, ಜೊತೆಗೆ ಅವಳು ಪಾಠ ಹೇಳುವ ಶಾಲೆಯ ಡ್ರಾಯಿಂಗ್ ಮೇಷ್ಟ್ರದು ಒಂದು: "ನಿನ್ನೆ ಮೀಟಿಂಗಿನಲ್ಲಿ ತುಂಬ ಕೆಮ್ಮುತ್ತಿದ್ದಿರಿ. ಈಗ ಹೇಗಿದೆ? ರಜೆ ಬೇಕಿದ್ದರೆ ನಿಮ್ಮ ಕ್ಲಾಸು ನಾನು ನೋಡಿಕೊಳ್ಳುತ್ತೇನೆ."

"ಯಾವನೇ ಅವನು, ನಿನ್ನ ಕೆಮ್ಮು ವಿಚಾರಿಸೋಕೆ?"

"ಕೇಳಿಸ್ತು, ವಿಚಾರಿಸಿದ್ರು. ವಾರದಿಂದ ನಿಮ್ಮ ಪಕ್ಕದಲ್ಲೇ ಮಲಗಿ ಕೆಮ್ತಾ ಇದ್ದೀನಿ." ಅವಳು ಅಂಗಿಯ ಕಾಲರ್ ತಿರುವಿ ಹಾಕಿದಳು.

ಯಜಮಾನರಿಗೆ ಮೈಯೆಲ್ಲ ಉರಿಯಿತು. "ಹಾಗಾದ್ರೆ ನಾನು ಮನುಷ್ಯ ಅಲ್ವಾ? ವರ್ಷಾ ವರ್ಷಾ ನಿನ್ನ ಹುಟ್ಟಿದಬ್ಬಕ್ಕೆ ತಪ್ಪದೇ ಕಳಿಸ್ತೀನಲ್ಲ, ಅದೆಲ್ಲಿ ಹೋಯ್ತು?" ಎನ್ನುತ್ತಾ ಉಳಿದದ್ದನ್ನೆಲ್ಲ ಮೇಲಿಂದ ಕೆಳಗೆ ಕೆದಕಿದರು. ಡ್ರಾಯಿಂಗ್ ಮೇಷ್ಟ್ರು ಇದ್ದರು. ಯಜಮಾನರೇ ಇರಲಿಲ್ಲ.

"ಮೆಷಿನ್ ಫೋಲ್ಡರಲ್ಲಿ ನೋಡಿ," ಎಂದಳು, ತಲೆ ಎತ್ತದೆ.

ಅಲ್ಲಿತ್ತು. ಚಪ್ಪಲಿ ಅಂಗಡಿ, ಕರೆಂಟ್ ಬಿಲ್ಲುಗಳ ನಡುವೆ, ವರ್ಷಕ್ಕೊಂದರಂತೆ. "ಹುಟ್ಟುಹಬ್ಬದ ಶುಭಾಶಯಗಳು. ನಿಮ್ಮ ಸುಂದರ ಕಣ್ಣುಗಳು ಸದಾ ಹೀಗೇ ಹೊಳೆಯುತ್ತಿರಲಿ. ಇದಕ್ಕೆ ಉತ್ತರ ಬರೆಯಬೇಡಿ."

ತಾವು ಮರೆತು ಅವಳು ಮುಖ ಊದಿಸಿಕೊಳ್ಳುವಂತಾಗುವುದು ಬೇಡವೆಂದು ಎಂದೋ ಒಂದು ದಿನ ಅಂಗಡಿಯ ಕಂಪ್ಯೂಟರಿನಲ್ಲಿ, ಶುಭಾಶಯ ತಾನಾಗಿಯೇ ಹೋಗುವ ಗಿರಾಕಿಗಳ ಸಾಲಿಗೆ ಹೆಂಡತಿಯನ್ನೂ ಸೇರಿಸಿ ಕೈ ತೊಳೆದುಕೊಂಡಿದ್ದರು. ಅಂದಿನಿಂದ ಅದು ಅವರ ಪರವಾಗಿ ಸಂಸಾರ ಮಾಡುತ್ತಲೇ ಇತ್ತು.

"ಮೊದಲ್ನೇ ವರ್ಷ ಅದನ್ನ ಓದಿ ಎಷ್ಟೊತ್ತು ಕನ್ನಡಿ ಮುಂದೆ ನಿಂತಿದ್ದೆ ಗೊತ್ತಾ," ಎಂದಳು ಅವಳು, ಅವರ ಅಂಗಿಯನ್ನು ನೀಟಾಗಿ ಮಡಿಸುತ್ತಾ. "ಆಮೇಲೆ ಪಕ್ಕದ್ಮನೆ ತಾತ ತಮಗೂ ಬಂದಿದೆ ಅಂತ ತೋರಿಸಿದ್ರು."