ಅತ್ತೆಯ ಕಾಲಿಗೆ ಸೊಸೆಯ ನಡಿಗೆ

ಮುಪ್ಪಿನ ಕಾಲು ಪ್ಲಾಸ್ಟರಿನೊಳಗೆ ಒಣಗದಿರಬೇಕಾದರೆ ಮನೆಯವರು ಯಾರಾದರೂ ಅದರ ಪರವಾಗಿ ನಡೆಯಬೇಕು ಎಂಬುದು ಗಜೇಂದ್ರಗಡದಲ್ಲಿ ಈಗ ಎಲ್ಲರಿಗೂ ಗೊತ್ತು. ಹಾಗಾಗಿ ಗುರಸಿದ್ದವ್ವನ ಕಾಲು ಮೊಣಕಾಲಿನ ಕೆಳಗೆ ಮುರಿದಾಗ, ಅತ್ತೆಯನ್ನು ಕೇಳದೆ ಬೀದಿಯ ಅಂಗಡಿಗೂ ಹೋಗದಿದ್ದ ಸೊಸೆ ಮಹಾನಂದಾ ದಿನಾ ಬೆಳಿಗ್ಗೆ ಆಸ್ಪತ್ರೆಯವರು ಕೊಟ್ಟ ಔಷಧಿ ಪಟ್ಟಿಯನ್ನು ತೋಳಿಗೆ ಅಂಟಿಸಿಕೊಂಡು ಗುಡ್ಡ ಹತ್ತತೊಡಗಿದಳು. ನಡೆದಷ್ಟೂ ಮಾಂಸ ಬೆಳೆಸುವ ಹಾರ್ಮೋನು ಅವಳ ಮೈಯಿಂದ ಅದಕ್ಕಿಳಿದು ಬಿಳಿ ಪಟ್ಟಿ ಹಳದಿಯಾಗುತ್ತಿತ್ತು. ಮನೆಗೆ ಬಂದೊಡನೆ ಅದನ್ನು ಕಿತ್ತು ಅತ್ತೆಯ ತೊಡೆಗೆ ಹಚ್ಚುವಳು.

ಗುರಸಿದ್ದವ್ವ ಮೊದಲು ಬಣ್ಣ ನೋಡುತ್ತಿದ್ದಳು. ಒಮ್ಮೊಮ್ಮೆ ಗೊಣಗುವಳು: "ಇವತ್ತ ಬೆಳ್ಳಗೈತಲ್ಲ. ಎಲ್ಲೋ ಕುಂತಿ ನೀ."

"ಸ್ವಲ್ಪ ದಣಿವಾತ್ರಿ ಅತ್ತಿ," ಎಂದು ಮಹಾನಂದಾ ಒಳಗೆ ಹೋಗಿಬಿಡುವಳು. ಗುಡ್ಡದ ನೆತ್ತಿಯ ಬಂಡೆಯ ಮೇಲೆ ಕೂತು, ಗಾಳಿಯಂತ್ರಗಳು ತಿರುಗುವುದನ್ನು ನೋಡುತ್ತ ಹೊತ್ತು ಮರೆತೆನೆಂದು ಹೇಳುವುದು ಹೇಗೆ?

ಇವತ್ತು ಆಸ್ಪತ್ರೆಯಲ್ಲಿ ಪ್ಲಾಸ್ಟರು ಬಿಚ್ಚಿದರು. ಕಾಲು ಮಾಂಸ ತುಂಬಿಕೊಂಡು ಗಟ್ಟಿಮುಟ್ಟಾಗಿತ್ತು. ಮನೆಗೆ ಬಂದ ಗುರಸಿದ್ದವ್ವ ಕೋಲಿಲ್ಲದೆ ಅಂಗಳ ಸುತ್ತಿ, "ಇನ್ನ ಮ್ಯಾಲ ನನ್ನ ಸಲುವಾಗಿ ನೀ ಗುಡ್ಡ ಹತ್ತೋದು ಬ್ಯಾಡ," ಎಂದಳು.

ಮಹಾನಂದಾಳಿಗೆ ಖುಷಿಯೇ ಆಯಿತು. ಆದರೆ ನಾಳೆಯಿಂದ ಗುಡ್ಡವಿಲ್ಲ. ಬಾಗಿಲ ಬಳಿಯಿದ್ದ ತನ್ನ ಚಪ್ಪಲಿ ಎತ್ತಿ ಮಂಚದ ಕೆಳಗಿಡಲು ಹೊರಟಳು.

"ಅವನ್ಯಾಕ ಒಳಗ ಇಡ್ತಿ?" ಅತ್ತೆ ತನ್ನ ಚಪ್ಪಲಿ ಮೆಟ್ಟುತ್ತಿದ್ದಳು. "ಪಟ್ಟಿ ಬೆಳ್ಳಗಿದ್ದ ದಿನಾನ ನಿನ್ನ ಮಾರಿ ಭಾಳ ಚಂದ ಇರ್ತಿತ್ತು. ಎಲ್ಲಿ ಕೂಡ್ತಿದ್ದಿ? ಅಲ್ಲಿಗೆ ನನ್ನೂ ಕರಕೊಂಡು ಹೋಗು."